ಹೊಸೂರು ರಸ್ತೆಯ ಮಿಲಿಟರಿ ಶಾಲೆ: ನೋಡಲು ಹೋಗುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ಬೆಂಗಳೂರಿನ ರಾಷ್ಟ್ರೀಯ ಮಿಲಿಟರಿ ಶಾಲೆ ಪ್ರೇಕ್ಷಣೀಯ ಸ್ಥಳವಲ್ಲ. ರಕ್ಷಣಾ ಸಚಿವಾಲಯದ ವಸತಿ ಶಾಲೆ ಅದು, ಈಗಲೂ ಮಕ್ಕಳು ಓದುತ್ತಿದ್ದಾರೆ. ಒಳಗೆ ಹೋಗಲೇಬೇಕೆಂದರೆ ಮುಂಚೆಯೇ ಪತ್ರ ಬರೆದು ಅನುಮತಿ ಕೇಳಿ. ಗೇಟಿನ ಮುಂದೆ ಮೊಬೈಲ್ ಎತ್ತಿ ಫೋಟೋ ತೆಗೆಯಲು ಹೋಗಬೇಡಿ. ನಾವಂತೂ ಹೊರಗಿನಿಂದಲೇ ನೋಡಿದೆವು. ಇಲ್ಲೇ ಓದಿದ ಸೋದರಮಾವ ಜೊತೆಗಿದ್ದರು, ಹಾಗಾಗಿ ಕಥೆಗೇನೂ ಕೊರತೆಯಾಗಲಿಲ್ಲ.

ಭಾನುವಾರ ಬೆಳಿಗ್ಗೆ ಹೋಗಿ, ವಾರದ ದಿನಗಳಲ್ಲಿ ಆ ಟ್ರಾಫಿಕ್ಕಿನಲ್ಲಿ ನಿಂತು ಮಾತಾಡುವುದೇ ಕಷ್ಟ. ಎಂ.ಜಿ. ರಸ್ತೆಯಲ್ಲಿ ಮೆಟ್ರೋ ಇಳಿದು ಬ್ರಿಗೇಡ್ ರಸ್ತೆ ಹಿಡಿದು ನಡೆದರೆ ವೆಲ್ಲಾರ ಜಂಕ್ಷನ್. ಗುಲಾಬಿ ಮಾರ್ಗದಲ್ಲಿ ಇಲ್ಲಿನ ನಿಲ್ದಾಣಕ್ಕೆ ಮೊದಲು ಜಂಕ್ಷನ್ನಿನ ಹೆಸರಿತ್ತು, ಆಮೇಲೆ ಶಾಲೆಯ ಹೆಸರನ್ನೇ ಇಟ್ಟರು. ಪಕ್ಕದಲ್ಲೇ 1870ರ ಆಲ್ ಸೇಂಟ್ಸ್ ಚರ್ಚ್, ಅದನ್ನೂ ನೋಡಿಕೊಳ್ಳಿ.

ಈ ಶಾಲೆ ದೊಡ್ಡವರ ಮಕ್ಕಳಿಗೆಂದು ಹುಟ್ಟಿದ್ದಲ್ಲ. ಬ್ರಿಟಿಷರ ಸೇನೆಯಲ್ಲಿದ್ದ ನಮ್ಮ ಸಿಪಾಯಿಗಳ ಗಂಡುಮಕ್ಕಳಿಗಾಗಿ 1925ರಲ್ಲಿ ಝೀಲಂ, ಜಲಂಧರ್‌ಗಳಲ್ಲಿ ಕಿಂಗ್ ಜಾರ್ಜ್ ಹೆಸರಿನ ಶಾಲೆಗಳು ಶುರುವಾದವು. 1930ರಲ್ಲಿ ಅಜ್ಮೀರ್, 1945ರಲ್ಲಿ ಬೆಳಗಾವಿ, 1946ರ ಆಗಸ್ಟ್‌ನಲ್ಲಿ ಬೆಂಗಳೂರು. ಸ್ವಾತಂತ್ರ್ಯಕ್ಕೆ ಆಗ ಒಂದೇ ವರ್ಷ ಬಾಕಿ! ವಿಭಜನೆಯಲ್ಲಿ ಝೀಲಂ ಶಾಲೆ ಪಾಕಿಸ್ತಾನಕ್ಕೆ ಹೋಯಿತು. ಜಲಂಧರಿನದು ಊರೂರು ಬದಲಿಸಿ ಕೊನೆಗೆ ಹಿಮಾಚಲದ ಚೈಲ್ ಸೇರಿತು. 1952ರಲ್ಲಿ ಈ ಶಾಲೆಗಳ ಬಾಗಿಲು ಅಧಿಕಾರಿಗಳ ಮತ್ತು ನಾಗರಿಕರ ಮಕ್ಕಳಿಗೂ ತೆರೆಯಿತು. ಆದರೂ ಹೆಚ್ಚು ಸೀಟುಗಳು ಜವಾನರ ಮಕ್ಕಳಿಗೇ. ನನಗೆ ಹಿಡಿಸಿದ್ದು ಇದೇ.

ರಾಜನ ಹೆಸರು 1966ರಲ್ಲಿ ಹೋಗಿ ಬರೀ ಮಿಲಿಟರಿ ಶಾಲೆಯಾಯಿತು, 2007ರಲ್ಲಿ 'ರಾಷ್ಟ್ರೀಯ' ಸೇರಿತು. ಮಾವ ಮಾತ್ರ ಇಂದಿಗೂ ತಾವು 'ಜಾರ್ಜಿಯನ್' ಅಂತಲೇ ಹೇಳಿಕೊಳ್ಳುವುದು. ಅವರ ಕಾಲದಲ್ಲಿ ಹುಡುಗರಷ್ಟೇ ಇದ್ದ ಶಾಲೆಗೆ 2022ರಿಂದ ಹುಡುಗಿಯರೂ ಬಂದಿದ್ದಾರೆ ಎಂದಾಗ, "ಬೆಳಗಿನ ಪಿ.ಟಿ. ಅವರಿಗೂ ತಪ್ಪಲಿಲ್ಲ ಅನ್ನು" ಎಂದು ನಕ್ಕರು.

ಸುಸ್ತಾದರೆ ಜಾನ್ಸನ್ ಮಾರ್ಕೆಟ್ ಹತ್ತಿರವೇ ಇದೆ, ಅಲ್ಲಿ ಸುಲೈಮಾನಿ ಚಹಾ ಕುಡಿಯಿರಿ. ಮಕ್ಕಳನ್ನು ಸೇರಿಸುವ ಯೋಚನೆಯಿದ್ದರೆ ಗೇಟಿಗೆ ಬಂದು ವಿಚಾರಿಸುವುದಕ್ಕಿಂತ ಶಾಲೆಯ ವೆಬ್‌ಸೈಟ್ ನೋಡುವುದೇ ಮೇಲು. ಆರು ಮತ್ತು ಒಂಬತ್ತನೇ ತರಗತಿಗೆ ಮಾತ್ರ ಪ್ರವೇಶ ಪರೀಕ್ಷೆ, ಆರನೆಯದಕ್ಕೆ ಮಾರ್ಚ್ 31ಕ್ಕೆ ವಯಸ್ಸು 10ರಿಂದ 12ರೊಳಗಿರಬೇಕು.