ಎಲ್ಕ್ ಬೇಟೆಗೆ ಹೊರಟವರೇ, ಡೇರೆ ಎಲ್ಲಿ ಹಾಕುತ್ತೀರಿ?

ಡೆನ್ವರ್‌ನಲ್ಲಿರುವ ಇಬ್ಬರು ಕನ್ನಡದ ಗೆಳೆಯರು ಈ ವರ್ಷ ಮೊದಲ ಸಲ ಎಲ್ಕ್ ಬೇಟೆಗೆ ಹೊರಟಿದ್ದಾರೆ. ಯಾವ ರೈಫಲ್, ಯಾವ ಬೂಟು ಅಂತ ದಿನಾ ಕೇಳುತ್ತಾರೆ. ಡೇರೆ ಎಲ್ಲಿ ಹಾಕಬೇಕು ಅಂತ ಮಾತ್ರ ಕೇಳಿಲ್ಲ. ಮೊದಲ ವರ್ಷ ನಾನೂ ಕೇಳಿರಲಿಲ್ಲ. ಅದರಿಂದ ಐದು ದಿನ ಪೂರ್ತಿ ಕಳೆದುಕೊಂಡೆವು.

ನಾವು ಹೋಗುವುದು ಕೊಲರಾಡೊದ ಫ್ಲಾಟ್ ಟಾಪ್ಸ್ ಬೆಟ್ಟಗಳಿಗೆ. ಮೀಕರ್ ಊರು ದಾಟಿ ಮೇಲೆ ಹೋದರೆ ಸಿಗುವ ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್ ಅದು. ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ್ದೇ, ಚಳಿ ದೇಶದ ದೊಡ್ಡ ಜಿಂಕೆ. ಬೆಳೆದ ಗಂಡು 300 ಕಿಲೋ ತೂಗುತ್ತದೆ.

ಮೊದಲ ವರ್ಷ ಅಕ್ಟೋಬರ್ ಕೊನೆಯಲ್ಲಿ, ಸಂಜೆ ಹೊತ್ತಿಗೆ ಸುಮಾರು 10,000 ಅಡಿ ಎತ್ತರದ ಒಂದು ಹುಲ್ಲುಗಾವಲು ತಲುಪಿದೆವು. ಪಕ್ಕದಲ್ಲೇ ತೊರೆ. ಕೆಸರಿನ ತುಂಬ ಹೆಜ್ಜೆ, ಹಸಿ ಹಿಕ್ಕೆ. ಇಷ್ಟು ಗುರುತು ಇರುವಾಗ ಇನ್ನೆಲ್ಲಿಗೆ ಹೋಗುವುದು ಅಂತ ಅಲ್ಲೇ ಡೇರೆ ಹೊಡೆದು, ಬೆಂಕಿ ಹಾಕಿ, ಸಾರು ಕುದಿಸಿ ಮಲಗಿದೆವು. ಬೆಳಿಗ್ಗೆ ಎದ್ದರೆ ಒಂದು ಪ್ರಾಣಿಯೂ ಇಲ್ಲ. ಎರಡನೇ ದಿನದಿಂದ ಹೊಸ ಹೆಜ್ಜೆಯೂ ಇಲ್ಲ. ಅವು ರಾತ್ರಿ ಮೇಯಲು ಬರುತ್ತಿದ್ದ ಜಾಗದಲ್ಲೇ ನಾವು ಮಲಗಿದ್ದೆವು!

ಸಕಲೇಶಪುರದ ಕಡೆ ನನ್ನ ಅಜ್ಜ ಕೋವಿ ಹಿಡಿದು ಕಾಡು ಸುತ್ತಿದವರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕೋವಿ ಗೋಡೆ ಸೇರಿತು, ಕತೆಗಳು ಮಾತ್ರ ಉಳಿದವು. ಪ್ರತಿ ಕತೆಯಲ್ಲೂ ಅಜ್ಜ "ಮೊದ್ಲು ಗಾಳಿ ನೋಡ್ಬೇಕು ಮಗಾ" ಅನ್ನುತ್ತಿದ್ದರು. ಇಲ್ಲಿ ಅದರ ಬೆಲೆ ಗೊತ್ತಾಯಿತು.

ಬೆಟ್ಟದಲ್ಲಿ ಗಾಳಿಗೆ ಒಂದು ದಿನಚರಿ ಇದೆ. ಬಿಸಿಲು ಏರಿದಂತೆ ನೆಲ ಕಾದು ಗಾಳಿ ಮೇಲಕ್ಕೆ ಹರಿಯುತ್ತದೆ, ಹೊತ್ತು ಇಳಿದ ಮೇಲೆ ತಣ್ಣಗಾದ ಗಾಳಿ ನೀರಿನ ಹಾಗೆ ಕಣಿವೆಯ ತಳಕ್ಕೆ ಇಳಿಯುತ್ತದೆ. ಎಲ್ಕ್ ರಾತ್ರಿ ಮತ್ತು ನಸುಕಿನಲ್ಲಿ ಹುಲ್ಲುಗಾವಲಲ್ಲಿ ಮೇಯುತ್ತವೆ, ಹಗಲು ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನ ದಟ್ಟ ಮರಗಳ ನಡುವೆ ಮಲಗುತ್ತವೆ. ಹಾಗಾಗಿ ಡೇರೆಯ ಹೊಗೆ, ಅಡುಗೆ, ಬೆವರಿನ ವಾಸನೆ ರಾತ್ರಿ ಕೆಳಗಿನ ಹುಲ್ಲಿಗೆ ಹೋಗುತ್ತದೆ, ಹಗಲು ಮೇಲಿನ ಕಾಡಿಗೆ ಹೋಗುತ್ತದೆ. ನಾನು ಕಂಡುಕೊಂಡ ದಾರಿ ಒಂದೇ. ಬೇಟೆಯ ಕಣಿವೆಯಲ್ಲಿ ಮಲಗಬೇಡಿ. ನಡುವೆ ಒಂದು ದಿಣ್ಣೆ ಇರಲಿ, ಆಚೆ ಕಣಿವೆಯಲ್ಲಿ ಡೇರೆ ಇರಲಿ. ಬೆಳಗಿನ ಜಾವ ಒಂದು ಗಂಟೆ ಕತ್ತಲಲ್ಲಿ ನಡೆಯಬೇಕಾಗುತ್ತದೆ, ನಿಜ. ನಡೆಯಿರಿ.

ಎರಡನೇ ವರ್ಷ ಹಾಗೇ ಮಾಡಿದೆವು. ಗಾಡಿ ದಾರಿ ಮುಗಿಯುವ ಕಡೆ, ದಿಣ್ಣೆಯ ಆಚೆ, ಹಳೆಯ ಡೇರೆಗಿಂತ ಎರಡೂವರೆ ಕಿಲೋಮೀಟರ್ ಕೆಳಗೆ, ಮರಗಳ ಮರೆಯಲ್ಲಿ ಒಂದು ಸಮತಟ್ಟು ಜಾಗ ಹಿಡಿದೆವು. ಮೂರನೇ ದಿನ ನಸುಕಿನಲ್ಲಿ, ನಾವು ಹಿಂದಿನ ವರ್ಷ ಮಲಗಿದ್ದ ಅದೇ ಹುಲ್ಲುಗಾವಲಿನ ಅಂಚಿನಲ್ಲಿ, ಒಂದು ಗಂಡು ಎಲ್ಕ್ ಸಿಕ್ಕಿತು.

ಡೇರೆ ಕೆಳಗಿದ್ದದ್ದು ಎಷ್ಟು ಒಳ್ಳೆಯದಾಯಿತು ಅಂತ ಆಮೇಲೆ ತಿಳಿಯಿತು. ಮೂಳೆ ಬಿಡಿಸಿದ ಮೇಲೂ ಸುಮಾರು 90 ಕಿಲೋ ಮಾಂಸ. ಒಂದು ಹೊರೆಗೆ 22, 23 ಕಿಲೋ ಅಂದರೂ ನಾಲ್ಕು ಹೊರೆ, ಕೊಂಬು ಬೇರೆ. ನಾವಿಬ್ಬರೂ ಎರಡೆರಡು ಸಲ, ಮತ್ತೆ ನಾನು ಇನ್ನೊಂದು ಸಲ ಹೋಗಿಬಂದೆ. ಮಾಂಸ ಹೊತ್ತು ತರುವ ದಾರಿ ಬಹುಪಾಲು ಇಳುಕಲಾಗಿತ್ತು, ಅದಕ್ಕೇ ಆಯಿತು. ಏರುದಾರಿ ಆಗಿದ್ದರೆ ಆ ದಿನ ಮುಗಿಯುತ್ತಿರಲಿಲ್ಲ. ತಿನ್ನುವ ಮಾಂಸವನ್ನು ಕಾಡಲ್ಲಿ ಬಿಟ್ಟುಬಂದರೆ ಇಲ್ಲಿ ಅದು ಅಪರಾಧ, ಮತ್ತು ಕಾನೂನು ಇಲ್ಲದಿದ್ದರೂ ಅದು ತಪ್ಪೇ. ಆದ್ದರಿಂದ ಮ್ಯಾಪ್ ಮೇಲೆ ಜಾಗ ಗುರುತು ಹಾಕುವಾಗ "ಇಲ್ಲಿಂದ ಹೊತ್ತು ತರಬಲ್ಲೆನಾ" ಅಂತ ಮೊದಲೇ ಕೇಳಿಕೊಳ್ಳಿ.

ಡೇರೆ ಹತ್ತಿರ ಒಂದು ನೆರಳು ಕೂಡ ಬೇಕು. ಮಾಂಸವನ್ನು ತೆಳು ಬಟ್ಟೆ ಚೀಲಕ್ಕೆ ಹಾಕಿ ಗಾಳಿಯಾಡುವ ಕಡೆ ತೂಗುಹಾಕಬೇಕು. ಅಕ್ಟೋಬರ್ ಕೊನೆಯಲ್ಲೂ ಕರಡಿಗಳು ಓಡಾಡುತ್ತಿರುತ್ತವೆ, ಹಾಗಾಗಿ ಮಲಗುವ ಜಾಗದಿಂದ 100 ಮೀಟರ್ ಆಚೆ, ನೆಲದಿಂದ ಮೂರು ಮೀಟರ್‌ಗಿಂತ ಜಾಸ್ತಿ ಎತ್ತರದಲ್ಲಿ ಕಟ್ಟಿ.

ತಲೆಯ ಮೇಲೆ ನೋಡದೆ ಡೇರೆ ಹಾಕಲೇಬೇಡಿ. 2002ರ ಕಾಳ್ಗಿಚ್ಚಿನಲ್ಲಿ ಅಲ್ಲಿನ ಟ್ರ್ಯಾಪರ್ಸ್ ಲೇಕ್ ಎಂಬ ಸರೋವರದ ಸುತ್ತ ಸುಟ್ಟ ಕಾಡಿದೆ, ಬೇರೆ ಕಡೆ ದುಂಬಿ ಕೊರೆದು ಸತ್ತ ಸ್ಪ್ರೂಸ್ ಮರಗಳಿವೆ. ನಿಂತಲ್ಲೇ ಒಣಗಿದ ಮರ ಯಾವ ಗಾಳಿಗೆ ಬೀಳುತ್ತದೆ ಅಂತ ಹೇಳಲಾಗದು. ಎರಡನೇ ವರ್ಷ ಒಂದು ರಾತ್ರಿ ನಮ್ಮಿಂದ ಇಪ್ಪತ್ತು ಮೀಟರ್ ಆಚೆ ಒಂದು ಬಿತ್ತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಕಣಿವೆಯ ತೀರ ತಳವೂ ಬೇಡ. ತಣ್ಣನೆ ಗಾಳಿ ಬಂದು ನಿಲ್ಲುವುದು ಅಲ್ಲೇ. ಸ್ವಲ್ಪ ಮೇಲೆ, ಬೆಳಗಿನ ಬಿಸಿಲು ಬೇಗ ಬೀಳುವ ಪೂರ್ವ ದಿಕ್ಕಿನ ಮಗ್ಗುಲು ನೋಡಿ. ನೀರಿನಿಂದ 60 ಮೀಟರ್ ದೂರ ಇರಿ. ನೀರಿನ ಬಾಟಲಿಯನ್ನು ರಾತ್ರಿ ತಲೆಕೆಳಗಾಗಿ ಇಡಿ, ಮೇಲಿನಿಂದ ಹೆಪ್ಪುಗಟ್ಟುತ್ತದಲ್ವಾ, ಬೆಳಿಗ್ಗೆ ಮುಚ್ಚಳದ ಕಡೆ ನೀರಾಗೇ ಇರುತ್ತದೆ.

ಇನ್ನು ದಾರಿ. ಒಂದೇ ರಾತ್ರಿಯಲ್ಲಿ ಒಂದು ಅಡಿ ಹಿಮ ಬೀಳಬಹುದು. ಮಣ್ಣಿನ ರಸ್ತೆಯಲ್ಲಿ ತೀರ ಎತ್ತರದಲ್ಲಿ ಗಾಡಿ ನಿಲ್ಲಿಸಿದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಟೈರಿಗೆ ಚೈನ್ ಇರಲಿ, ಗಾಡಿಯ ಮುಖ ಇಳುಕಲಿನ ಕಡೆ ತಿರುಗಿಸಿ ನಿಲ್ಲಿಸಿ. ಗಾಡಿ ಎಲ್ಲಿವರೆಗೆ ಹೋಗಬಹುದು ಅಂತ ಫಾರೆಸ್ಟ್ ಸರ್ವಿಸ್‌ನವರ ಉಚಿತ ಮ್ಯಾಪ್‌ನಲ್ಲಿದೆ. ಬೆಂಕಿ ನಿಷೇಧ ಇದೆಯಾ, ಒಂದೇ ಜಾಗದಲ್ಲಿ ಎಷ್ಟು ದಿನ ಇರಬಹುದು ಅಂತ ಅವರ ಕಚೇರಿಯಲ್ಲಿ ಕೇಳಿಕೊಂಡು ಹೋಗಿ.

ಡೆನ್ವರ್‌ನಿಂದ ನೇರ ಮೇಲಕ್ಕೆ ಹೋಗಬೇಡಿ. ಮೀಕರ್‌ನಲ್ಲಿ ಒಂದು ರಾತ್ರಿ ಮಲಗಿ ಹೋಗಿ. ಸೀಸನ್‌ಗೆ ಎರಡು ದಿನ ಮೊದಲೇ ತಲುಪಿ. ಬೆಳಕಿದ್ದಾಗ ಜಾಗ ಆರಿಸಿ, ಅಲ್ಲಿಂದ ಬೇಟೆಯ ಜಾಗಕ್ಕೆ ಒಂದು ಸಲ ಹಗಲಲ್ಲೇ ನಡೆದು ನೋಡಿ. ಅದೇ ದಾರಿಯನ್ನು ಆಮೇಲೆ ಕತ್ತಲಲ್ಲಿ ನಡೆಯಬೇಕಲ್ಲ.