ಪರೀಕ್ಷೆಗೇ ಕೂರದ ಟೆಸ್ಟನ್ನು ಪಾಸ್ ಮಾಡಿದ್ದು

ನಮ್ಮ ಲಿನಕ್ಸ್ ಕರ್ನಲ್‌ನ ರಿಲೀಸ್ ಅದೇ ಸಂಜೆ. ಯಾವ ಬದಲಾವಣೆಯಿಂದ ಕೆಟ್ಟಿತೆಂದು ಅರ್ಧರ್ಧ ಮಾಡುತ್ತಾ ಹುಡುಕುವ ಗಿಟ್ ಬೈಸೆಕ್ಟ್ 11 ಬಿಲ್ಡ್ ತಿಂದು ಕೊನೆಗೆ ಹಿಡಿದುಕೊಟ್ಟದ್ದು ಡಾಕ್ಯುಮೆಂಟೇಶನ್ ಫೋಲ್ಡರಿನ ಒಂದು ಸ್ಪೆಲ್ಲಿಂಗ್ ಪ್ಯಾಚನ್ನು. ಅದರಿಂದ ಪ್ರೊಸೆಸ್ ಗುಂಪಿನ ಮೆಮೊರಿಗೆ ಹಾಕುವ ಮೆಮೊರಿ.ಮ್ಯಾಕ್ಸ್ ಮಿತಿ ಕೆಡುವುದುಂಟೇ? ಆದರೂ ಕಾಲ್‌ನಲ್ಲಿ ಮ್ಯಾನೇಜರ್ ಇದ್ದರು, ಟೂಲ್ ಹೇಳಿದ ಮೇಲೆ ಏನೋ ಇರಲೇಬೇಕು ಅಂದುಕೊಂಡು ಆ ಎರಡು ಸಾಲಿನ ಡಿಫ್ ಅನ್ನೇ ಹತ್ತು ನಿಮಿಷ ದಿಟ್ಟಿಸಿದ್ದಾಯಿತು. ಲ್ಯಾಪ್‌ಟಾಪಿನಲ್ಲಿ ಆ ಮಿತಿಯ ಟೆಸ್ಟ್ ಫೇಲ್. ಟೆಸ್ಟುಗಳನ್ನು ತಾನಾಗಿ ಓಡಿಸುವ ಸಿಐ ಮಾತ್ರ ವಾರಗಳಿಂದ ಹಸಿರು.

ಕೊನೆಗೆ ಡ್ಯಾಶ್‌ಬೋರ್ಡ್ ಬಿಟ್ಟು ಸೀರಿಯಲ್ ಲಾಗ್ (ಕನ್ಸೋಲಿನ ಕಚ್ಚಾ ಔಟ್‌ಪುಟ್) ತೆಗೆದರೆ ಸಿಕ್ಕ ಸಾಲು: 'ಓಕೆ', ಮುಂದೆ ಮೆಮ್‌ಕಂಟ್ರೋಲ್ ಟೆಸ್ಟಿನ ಹೆಸರು, ತುದಿಯಲ್ಲಿ '# ಸ್ಕಿಪ್'. ಕಾರಣ ಅದರ ಮೇಲೇ ಇತ್ತು: ಸಿಗ್ರೂಪ್ ವಿ2 (ಇಂಥ ಮಿತಿ ಹಾಕುವ ಕರ್ನಲ್ ವ್ಯವಸ್ಥೆ) ಮೌಂಟ್ ಆಗಿಲ್ಲ.

ಬೂಟ್ ಬೇಗ ಆಗಲಿ ಎಂದು ಸಿಐನಲ್ಲಿ ಸಿಸ್ಟಮ್‌ಡಿ (ಬೂಟ್ ಆದಾಗ ಉಳಿದೆಲ್ಲವನ್ನೂ ಶುರು ಮಾಡುವ ಪ್ರೋಗ್ರಾಂ) ಇದ್ದ ರೂಟ್‌ಎಫ್‌ಎಸ್, ಅಂದರೆ ಮೂಲ ಫೈಲ್ ಸಿಸ್ಟಮ್, ತೆಗೆದು ಪುಟ್ಟ ಬಿಜಿಬಾಕ್ಸ್ ಇನಿಟ್‌ರಾಮ್‌ಎಫ್‌ಎಸ್ ಹಾಕಿದ್ದೆವು. ಸಿಗ್ರೂಪ್ ಮೌಂಟನ್ನು ಸಿಸ್ಟಮ್‌ಡಿ ತಾನೇ ಮಾಡುತ್ತದೆ; ಬಿಜಿಬಾಕ್ಸಿನಲ್ಲಿ ಇನಿಟ್ ಸ್ಕ್ರಿಪ್ಟಿಗೆ ನಾವೇ ಬರೆಯಬೇಕು. ಮೌಂಟ್ ಇಲ್ಲದಿದ್ದರೆ ಟೆಸ್ಟ್ 'ಸ್ಕಿಪ್' ಎಂಬರ್ಥದ ಎಕ್ಸಿಟ್ ಕೋಡ್ 4 ಕೊಟ್ಟು ಹೊರಬರುತ್ತದೆ, ಕರ್ನಲ್ಲಿನದೇ ಟೆಸ್ಟ್ ಸಂಗ್ರಹವಾದ ಕೆಸೆಲ್ಫ್‌ಟೆಸ್ಟಿನ ರನ್ನರ್ ಅದಕ್ಕೆ 'ಓಕೆ' ಎಂದೇ ಬರೆಯುತ್ತದೆ. ನಮ್ಮ ಸ್ಕ್ರಿಪ್ಟ್ ಎಣಿಸುತ್ತಿದ್ದದ್ದು 'ನಾಟ್ ಓಕೆ' ಸಾಲುಗಳನ್ನು ಮಾತ್ರ. ನಿಮಿಷಗಟ್ಟಲೆ ಓಡುತ್ತಿದ್ದ ಸೂಟ್ ಸೆಕೆಂಡುಗಳಲ್ಲಿ ಮುಗಿಯತೊಡಗಿದಾಗಲಾದರೂ ಅನುಮಾನ ಬರಬೇಕಿತ್ತು. ಅದನ್ನು ಸ್ಟ್ಯಾಂಡ್‌ಅಪ್‌ನಲ್ಲಿ ಹೊಸ ರೂಟ್‌ಎಫ್‌ಎಸ್‌ನ ಸಾಧನೆ ಎಂದು ಹೇಳಿಕೊಂಡೆವು!

ಸ್ಕ್ರಿಪ್ಟ್ ಕೊಟ್ಟು ಬೈಸೆಕ್ಟನ್ನು ತಾನಾಗಿ ಓಡಿಸುವ 'ಬೈಸೆಕ್ಟ್ ರನ್'ಗೆ 1ರಿಂದ 127ರವರೆಗೆ ಯಾವ ಎಕ್ಸಿಟ್ ಕೋಡ್ ಬಂದರೂ 'ಬ್ಯಾಡ್'; 125 ಒಂದೇ 'ಸ್ಕಿಪ್'. ನಮ್ಮ ಬೈಸೆಕ್ಟ್ ಸ್ಕ್ರಿಪ್ಟ್ ಟೆಸ್ಟಿನ ಕೋಡನ್ನೇ ಹಾಗೇ ದಾಟಿಸುತ್ತಿತ್ತು; ಅದೇ ರೂಟ್‌ಎಫ್‌ಎಸ್‌ನಲ್ಲಿ ಪ್ರತಿ ಕಮಿಟ್ಟೂ (ದಾಖಲಾದ ಒಂದೊಂದು ಬದಲಾವಣೆಯೂ) 4 ಕೊಟ್ಟಿತು, ಪ್ರತಿಯೊಂದೂ ಬ್ಯಾಡ್ ಆಯಿತು. ಹೀಗಾದಾಗ 'ಗುಡ್' ಎಂದು ಕೊಟ್ಟ ಕಮಿಟ್ಟಿನ ಪಕ್ಕದ್ದು ಯಾವುದೋ ಅದರ ತಲೆಗೇ ತಪ್ಪು ಕಟ್ಟುತ್ತದೆ. ಶುರು ಮಾಡುವ ಮುಂಚೆ ಗುಡ್ ಮತ್ತು ಬ್ಯಾಡ್ ಎರಡರ ಮೇಲೂ ಸ್ಕ್ರಿಪ್ಟನ್ನು ಕೈಯಾರೆ ಓಡಿಸಿ 0, 1 ಬರುತ್ತದಾ ನೋಡಿದ್ದರೆ ಸಾಕಿತ್ತು. ಆ ಎರಡು ಬಿಲ್ಡಿನ ಸಮಯ ಉಳಿಸಲು ಹೋಗಿದ್ದೆವು.

ಈಗ ಬೈಸೆಕ್ಟ್ ಸ್ಕ್ರಿಪ್ಟ್ 4 ಬಂದರೆ 125 ಕೊಡುತ್ತದೆ. ಪ್ರತಿ ಬೋರ್ಡಿಗೂ ಒಪ್ಪಿತ ಸ್ಕಿಪ್‌ಗಳ ಪಟ್ಟಿಯಿದೆ, ಅದರಲ್ಲಿಲ್ಲದ ಸ್ಕಿಪ್ ಕೆಂಪು. ಟ್ಯಾಪ್ (ಈ 'ಓಕೆ', 'ನಾಟ್ ಓಕೆ' ಸಾಲುಗಳ ನಮೂನೆ) ಔಟ್‌ಪುಟ್‌ನ ಮೊದಲಲ್ಲಿ ಬರುವ, ಒಟ್ಟು ಎಷ್ಟು ಟೆಸ್ಟ್ ಎನ್ನುವ ಪ್ಲ್ಯಾನ್ ಸಂಖ್ಯೆಗೂ ಫಲಿತಾಂಶದ ಸಾಲುಗಳಿಗೂ ತಾಳೆ ಹಾಕುತ್ತೇವೆ, ಏಕೆಂದರೆ ನಡುವೆ ಕರ್ನಲ್ ಪ್ಯಾನಿಕ್ ಆಗಿ ಎಲ್ಲ ನಿಂತುಹೋದರೂ 'ನಾಟ್ ಓಕೆ' ಬರುವುದಿಲ್ಲ. ಟೆಸ್ಟಿಗೆ ಬೇಕಾದ ಕರ್ನಲ್ ಕಾನ್ಫಿಗ್ ಇಲ್ಲದ ಕಾರಣಕ್ಕೂ ಸ್ಕಿಪ್ ಆಗುವುದರಿಂದ ಬಿಲ್ಡಿಗೆ ಮೊದಲು ಅದನ್ನು ಸೇರಿಸುವ ಕೆಸೆಲ್ಫ್‌ಟೆಸ್ಟ್-ಮರ್ಜ್ ಕಡ್ಡಾಯ. ಎಲ್‌ಟಿಪಿ (ಲಿನಕ್ಸ್ ಟೆಸ್ಟ್ ಪ್ರಾಜೆಕ್ಟ್) ಎಂಬ ಇನ್ನೊಂದು ಟೆಸ್ಟ್ ಸಂಗ್ರಹದ್ದು ಬೇರೆಯೇ ಲೆಕ್ಕ: ಅಲ್ಲಿ ಸ್ಕಿಪ್ ಅಂದರೆ 32, ಕೋಡುಗಳು ಬಿಟ್ ಬಿಟ್ಟಾಗಿ ಸೇರುತ್ತವೆ, 33 (32+1) ಬಂದರೆ ಫೇಲೂ ಇದೆ.

ಟೆಸ್ಟುಗಳು ನಿಜವಾಗಿ ಓಡತೊಡಗಿದ ದಿನವೇ ಎರಡು ಕೆಂಪಾದವು. ಕೆವಿಎಂ (ವರ್ಚುವಲ್ ಮಷೀನಿಗೆ ಹಾರ್ಡ್‌ವೇರ್ ವೇಗ ಕೊಡುವ ಸೌಲಭ್ಯ) ಇಲ್ಲದ ಸಿಐ ಯಂತ್ರದಲ್ಲಿ ವರ್ಚುವಲ್ ಮಷೀನ್ ಓಡಿಸುವ ಕ್ಯೂಎಮು ತೆವಳುತ್ತದೆ, ಕೆಸೆಲ್ಫ್‌ಟೆಸ್ಟಿನ ಡೀಫಾಲ್ಟ್ ಟೈಮ್‌ಔಟ್ 45 ಸೆಕೆಂಡ್. ಆ ಟೆಸ್ಟುಗಳ ಫೋಲ್ಡರಿನ ಸೆಟ್ಟಿಂಗ್ಸ್ ಫೈಲಿನಲ್ಲಿ ಟೈಮ್‌ಔಟ್ ಹೆಚ್ಚಿಸುವ ಒಂದು ಸಾಲು ಹಾಕಿದರೆ ಮುಗಿಯುತ್ತದೆ. ಮ್ಯಾನೇಜ್‌ಮೆಂಟ್ ಕಡೆಯಿಂದ ಬಂದ ಟಿಕೆಟ್ ಮಾತ್ರ ಇನ್ನೂ ತೆರೆದೇ ಇದೆ: 'ಆ ಎರಡನ್ನೂ ಸ್ಕಿಪ್ ಪಟ್ಟಿಗೆ ಸೇರಿಸಿ.'