ಎರಡು ಸಾವಿರ ರೂಪಾಯಿಯ ಸಂದೇಶ

ಬೆಳಿಗ್ಗೆ ಅಪ್ಪನ ಮೊಬೈಲಿಗೆ ಸಂದೇಶ ಬಂತು: ಪಿಎಂ ಕಿಸಾನ್ ಕಂತು, 2000 ರೂಪಾಯಿ ಜಮಾ. ಕನ್ನಡಕ ಹುಡುಕಿ, ಎರಡು ಸಲ ಓದಿ, ಗೊಬ್ಬರದಂಗಡಿಯ ಬಾಕಿ ಲೆಕ್ಕ ಹಾಕಲು ಕುಳಿತರು. ಜಮೀನಿರುವ ರೈತರಿಗೆ ಕೇಂದ್ರ ಸರ್ಕಾರ ಹಣ ಕೊಡುವ, 2019ರಿಂದ ನಡೆದು ಬಂದಿರುವ ಯೋಜನೆ. ವರ್ಷಕ್ಕೆ ಮೂರು ಕಂತು, ಒಟ್ಟು 6000. ಮಧ್ಯೆ ಕೆಲವು ವರ್ಷ ರಾಜ್ಯ ಸರ್ಕಾರವೂ 4000 ಸೇರಿಸಿ ಕೊಡುತ್ತಿತ್ತು. ಅದು ನಿಂತುಹೋಯಿತು.

ನನ್ನ ಮನಸ್ಸು ಮಾತ್ರ ಪಕ್ಕದ ಹೊಲದ ಅಕ್ಕನ ಕಡೆ ಹೋಯಿತು. ಎರಡು ಎಕರೆ ಗುತ್ತಿಗೆಗೆ ಹಿಡಿದು ರಾಗಿ, ಅವರೆ ಬೆಳೆಯುತ್ತಾರೆ. ಬಿತ್ತುವವರು ಅವರು, ಕಳೆ ಕೀಳುವವರು ಅವರು, ಕಾಡುಹಂದಿ ಕಾಯಲು ರಾತ್ರಿ ಎದ್ದು ಕೂರುವವರೂ ಅವರೇ. ಪಹಣಿಯಲ್ಲಿರುವ ಹೆಸರು ಮಾತ್ರ ಬೆಂಗಳೂರಿನಲ್ಲಿರುವ ಮಾಲೀಕರದು. ಕಂತು ಸೇರುವುದು ಆ ಮಾಲೀಕರ ಖಾತೆಗೆ.

ಉಳುವವನೇ ಹೊಲದೊಡೆಯ ಎಂದು 1974ರಲ್ಲಿ ತಿದ್ದಿದ ಭೂ ಸುಧಾರಣಾ ಕಾಯ್ದೆಯನ್ನು ನಾನು ಇಂದಿಗೂ ಗೌರವಿಸುತ್ತೇನೆ. ನಮ್ಮ ತಾತ ಗೇಣಿಗೆ, ಅಂದರೆ ಗುತ್ತಿಗೆಗೆ, ಉಳುತ್ತಿದ್ದ ಭೂಮಿ ಅವರ ಸ್ವಂತದ್ದಾಗಿದ್ದು ಅದರಿಂದಲೇ. ಆದರೆ ಅದೇ ಕಾಯ್ದೆ ಗೇಣಿಯನ್ನು ನಿಷೇಧಿಸಿದ್ದರಿಂದ ಇಂದಿನ ಗುತ್ತಿಗೆಯೆಲ್ಲ ಬಾಯಿಮಾತಿನದು. ಬಾಯಿಮಾತಿಗೆ ಯಾವ ಕಚೇರಿಯೂ ಮುದ್ರೆ ಒತ್ತುವುದಿಲ್ಲ. ಬೆಳೆ ಹಾಳಾದಾಗ ಬರುವ ಪರಿಹಾರದ ಕಥೆಯೂ ಬಹುಪಾಲು ಇಷ್ಟೇ. ಇದು ಅನ್ಯಾಯ ಎಂದು ನನಗೆ ಖಚಿತವಾಗಿ ಅನಿಸುತ್ತದೆ.

ಸಂಜೆ ಅಕ್ಕ ಮನೆಗೆ ಬಂದಿದ್ದರು. “ನಿಮಗೆ ಬಂತಾ?” ಎಂದು ಅಪ್ಪನನ್ನು ಕೇಳಿದರು. ಅಪ್ಪ ತಲೆ ಆಡಿಸಿ, ಒಳಗಿನಿಂದ ಅರ್ಧ ಚೀಲ ಯೂರಿಯಾ ತಂದು ಅವರ ಮುಂದಿಟ್ಟರು.